ಉಪ್ಪಿಗೆ ಏರುವ ಟಿಡಿಎಸ್ ಸಕ್ಕರೆಗೆ ಏಕೆ ಏರುವುದಿಲ್ಲ? ರಾಸಾಯನಿಕ ಬಂಧದ ಧ್ರುವೀಯತೆ ಗುರುತಿಸುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ವಸ್ತುಗಳ ಒಟ್ಟು ಪ್ರಮಾಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುವ ಉಪಕರಣ, ಕಾಣದವರು ಈಗ ಕಡಿಮೆ. ಫಿಲ್ಟರ್ ಮಾರಲು ಬಂದವರು ಪೆನ್ನಿನಂಥ ಆ ಉಪಕರಣವನ್ನು ಬೋರ್‌ವೆಲ್ ನೀರಿಗೆ ಅದ್ದಿ ದೊಡ್ಡ ಅಂಕಿ ತೋರಿಸುತ್ತಾರೆ, ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿಗೆ ಅದ್ದಿ ಸಣ್ಣ ಅಂಕಿ ತೋರಿಸುತ್ತಾರೆ. ನೋಡಿದವರು ಮೊದಲನೆಯದು ಕೊಳಕು, ಎರಡನೆಯದು ಚೊಕ್ಕ ಎಂದು ತೀರ್ಮಾನಿಸಿಬಿಡುತ್ತಾರೆ. ಪಾವಗಡ, ಬಾಗೇಪಲ್ಲಿಯಂಥ ಫ್ಲೋರೈಡ್ ಪೀಡಿತ ತಾಲ್ಲೂಕುಗಳಲ್ಲಿ ಈ ತೀರ್ಮಾನ ದಾರಿ ತಪ್ಪಿಸಬಹುದು.

ಮೀಟರ್ ಕೈಗೆ ಸಿಕ್ಕರೆ ಹೀಗೆ ಮಾಡಿ ನೋಡಿ. ಎರಡು ಪಾತ್ರೆಗಳಲ್ಲಿ ಒಂದೊಂದು ಲೀಟರ್ ಘಟಕದ ನೀರು ತೆಗೆದುಕೊಳ್ಳಿ. ಒಂದಕ್ಕೆ 1 ಗ್ರಾಂ ಪುಡಿ ಉಪ್ಪು, ಅಂದರೆ ಟೀ ಚಮಚದ ಆರನೇ ಒಂದು ಭಾಗದಷ್ಟು ಹಾಕಿ. ಇನ್ನೊಂದಕ್ಕೆ ದೊಡ್ಡ ಚಮಚದ ತುಂಬ ಸಕ್ಕರೆ, ಸುಮಾರು 12 ಗ್ರಾಂ ಹಾಕಿ. ಎರಡನ್ನೂ ಪೂರ್ತಿ ಕರಗುವವರೆಗೆ ಕಲಕಿ ಮೀಟರ್ ಅದ್ದಿ. ಉಪ್ಪಿನ ಪಾತ್ರೆಯಲ್ಲಿ ಅಂಕಿ ಹೆಚ್ಚುಕಡಿಮೆ 1000 ಏರುತ್ತದೆ. ಹನ್ನೆರಡು ಪಟ್ಟು ಸಕ್ಕರೆ ಕರಗಿರುವ ಪಾತ್ರೆಯಲ್ಲಿ ಅಂಕಿ ಇದ್ದಲ್ಲೇ ಇರುತ್ತದೆ. ಎರಡೂ ಕಣ್ಣಿಗೆ ಕಾಣದಂತೆ ಕರಗಿವೆ, ಆದರೂ ಮೀಟರಿಗೆ ಒಂದು ಮಾತ್ರ ಗೊತ್ತಾಗುತ್ತದೆ. ಇದಕ್ಕೆ ಕಾರಣ ಉಪ್ಪು ಮತ್ತು ಸಕ್ಕರೆಯೊಳಗಿನ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ರೀತಿ. ಆ ಹಿಡಿತದ ಸ್ವಭಾವವನ್ನು ಕಾಗದದ ಮೇಲೆ ಲೆಕ್ಕ ಹಾಕಿ ಊಹಿಸಬಹುದು. ಪಿಯುಸಿ ಓದುವವರಿಗೆ ಇದು ಅಂಕ ತರುವ ಪ್ರಶ್ನೆ, ಬೋರ್‌ವೆಲ್ ನೀರು ಕುಡಿಯುವವರಿಗೆ ಅದಕ್ಕಿಂತ ಹತ್ತಿರದ ವಿಷಯ.

ಬಂಧ ಎಂದರೆ ಪಾಲು

ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂಡಿದರೆ ಅದು ಸಹವೇಲೆನ್ಸಿ ಬಂಧ. ಆದರೆ ಹಂಚಿಕೆ ಎಂದ ಮಾತ್ರಕ್ಕೆ ಅದು ಸಮಪಾಲು ಆಗಬೇಕಿಲ್ಲ. ಅಣ್ಣತಮ್ಮಂದಿರ ಪಾಲುಬಾವಿಯನ್ನು ನೆನೆಯಿರಿ. ಇಬ್ಬರೂ ಒಂದೇ ಬಾವಿಗೆ ಒಂದೊಂದು ಮೋಟಾರು ಇಳಿಸಿದ್ದಾರೆ. ಎರಡೂ 5 ಎಚ್‌ಪಿ ಆದರೆ ನೀರು ಸಮನಾಗಿ ಹೋಗುತ್ತದೆ. ಒಂದು 3, ಇನ್ನೊಂದು 5 ಆದರೆ ಬಾವಿ ಇಬ್ಬರದೇ, ನೀರು ಮಾತ್ರ ಒಂದು ಹೊಲದ ಕಡೆಗೇ ಹೆಚ್ಚು. ಒಂದು ಕಡೆ ಹತ್ತು, ಇನ್ನೊಂದು ಕಡೆ ಅರ್ಧ ಎಚ್‌ಪಿ ಆದರೆ ಪಾಲು ಎಂಬುದು ಹೆಸರಿಗಷ್ಟೇ.

ಬಂಧದಲ್ಲೂ ಇವೇ ಮೂರು ಸ್ಥಿತಿ. ಎಲೆಕ್ಟ್ರಾನು ಜೋಡಿ ನಡುವೆ ಸಮನಾಗಿ ನಿಂತರೆ ಅಧ್ರುವೀಯ ಬಂಧ. ಒಂದು ಕಡೆ ವಾಲಿದರೆ ಧ್ರುವೀಯ ಬಂಧ. ಆಗ ವಾಲಿದ ಕಡೆ ಸ್ವಲ್ಪ ಋಣ ವಿದ್ಯುದಂಶ, ಇನ್ನೊಂದು ಕಡೆ ಅಷ್ಟೇ ಧನ ವಿದ್ಯುದಂಶ ಉಂಟಾಗುತ್ತದೆ. ಇವನ್ನು ಡೆಲ್ಟಾ ಮೈನಸ್, ಡೆಲ್ಟಾ ಪ್ಲಸ್ ಎಂದು ಗುರುತಿಸುತ್ತಾರೆ. ಡೆಲ್ಟಾ ಹಾಕುವುದು ಆ ವಿದ್ಯುದಂಶ ಪೂರ್ತಿ ಒಂದಲ್ಲ, ಒಂದರ ಭಾಗ ಮಾತ್ರ ಎಂದು ಸೂಚಿಸಲು. ಎಲೆಕ್ಟ್ರಾನು ಪೂರ್ತಿ ಒಂದು ಕಡೆಗೇ ಹೋಗಿಬಿಟ್ಟರೆ ಎರಡೂ ಪರಮಾಣುಗಳು ಪೂರ್ತಿ ವಿದ್ಯುದಂಶ ಹೊತ್ತ ಅಯಾನುಗಳಾಗುತ್ತವೆ, ಅದು ಅಯಾನಿಕ ಬಂಧ.

ಈ ಮೂರರ ನಡುವೆ ಬೇಲಿ ಇಲ್ಲ. ವಾಲುವಿಕೆ ಸೊನ್ನೆಯಿಂದ ಶುರುವಾಗಿ ಹಂತಹಂತವಾಗಿ ಏರುತ್ತ ಹೋಗುತ್ತದೆ. ಪುಸ್ತಕಗಳು ಅನುಕೂಲಕ್ಕೆ ಗೆರೆ ಎಳೆದಿವೆ, ಅಷ್ಟೆ.

ಎಳೆತಕ್ಕೊಂದು ಅಂಕಿ

ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಪರಮಾಣುವಿನ ಸಾಮರ್ಥ್ಯಕ್ಕೆ ವಿದ್ಯುದೃಣತ್ವ ಎಂದು ಹೆಸರು. ಇದಕ್ಕೊಂದು ಅಂಕಿಪಟ್ಟಿಯನ್ನು 1932ರಲ್ಲಿ ಕೊಟ್ಟವರು ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್. ರಾಸಾಯನಿಕ ಬಂಧದ ಸ್ವರೂಪದ ಕುರಿತ ಕೆಲಸಕ್ಕೆ 1954ರಲ್ಲಿ ಅವರಿಗೆ ನೊಬೆಲ್ ಬಂತು.

ಅವರ ತರ್ಕ ಸರಳ. ಹೈಡ್ರೋಜನ್ ಹೈಡ್ರೋಜನ್ ಬಂಧ ಒಡೆಯಲು ಒಂದು ಮೋಲ್‌ಗೆ ಸುಮಾರು 436 ಕಿಲೋಜೌಲ್ ಬೇಕು. ಫ್ಲೋರಿನ್ ಫ್ಲೋರಿನ್ ಬಂಧಕ್ಕೆ ಸುಮಾರು 159 ಸಾಕು. ಹೈಡ್ರೋಜನ್ ಮತ್ತು ಫ್ಲೋರಿನ್ ನಡುವಿನ ಬಂಧ ಸಮಪಾಲಿನದೇ ಆಗಿದ್ದರೆ ಇವೆರಡರ ಸರಾಸರಿ, ಸುಮಾರು 297 ಸಾಕಾಗಬೇಕಿತ್ತು. ಅಳೆದರೆ ಸಿಗುವುದು 567ರ ಆಸುಪಾಸು. ಹೆಚ್ಚುವರಿ 270 ಎಲ್ಲಿಂದ ಬಂತು? ಧನ ತುದಿ ಮತ್ತು ಋಣ ತುದಿ ಒಂದನ್ನೊಂದು ಸೆಳೆಯುವುದರಿಂದ. ಈ 270ನ್ನು 96.5ರಿಂದ (ಕಿಲೋಜೌಲನ್ನು ಎಲೆಕ್ಟ್ರಾನ್ ವೋಲ್ಟ್‌ಗೆ ಬದಲಿಸುವ ಅಂಕಿ) ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.67 ಬರುತ್ತದೆ. ಎರಡು ಧಾತುಗಳ ವಿದ್ಯುದೃಣತ್ವದ ಅಂತರ ಅದೇ. ಇಂಥ ನೂರಾರು ಬಂಧಗಳ ಲೆಕ್ಕವನ್ನು ಹೊಂದಿಸಿ ಪರಿಷ್ಕರಿಸಿದ ಇಂದಿನ ಪಟ್ಟಿಯಲ್ಲಿ ಈ ಅಂತರ 1.78.

ಆ ಪಟ್ಟಿಯಲ್ಲಿ ದಿನಬಳಕೆಗೆ ಬೇಕಾಗುವಷ್ಟು ಇಲ್ಲಿದೆ. ಫ್ಲೋರಿನ್ 3.98, ಆಕ್ಸಿಜನ್ 3.44, ಕ್ಲೋರಿನ್ 3.16, ನೈಟ್ರೋಜನ್ 3.04, ಬ್ರೋಮಿನ್ 2.96, ಅಯೋಡಿನ್ 2.66, ಗಂಧಕ 2.58, ಕಾರ್ಬನ್ 2.55, ಹೈಡ್ರೋಜನ್ 2.20, ರಂಜಕ 2.19, ಬೋರಾನ್ 2.04, ಸಿಲಿಕಾನ್ 1.90, ಅಲ್ಯೂಮಿನಿಯಂ 1.61, ಮೆಗ್ನೀಸಿಯಂ 1.31, ಕ್ಯಾಲ್ಸಿಯಂ 1.00, ಲಿಥಿಯಂ 0.98, ಸೋಡಿಯಂ 0.93, ಪೊಟ್ಯಾಸಿಯಂ 0.82. ಅಂಕಿ ಮರೆತರೆ ಆವರ್ತ ಕೋಷ್ಟಕ ನೋಡಿ. ಜಡ ಅನಿಲಗಳನ್ನು ಬಿಟ್ಟು ಬಲಕ್ಕೆ ಹೋದಷ್ಟೂ, ಮೇಲಕ್ಕೆ ಹೋದಷ್ಟೂ ಎಳೆತ ಜಾಸ್ತಿ. ಬಲ ಮೇಲ್ಮೂಲೆಯಲ್ಲಿರುವ ಫ್ಲೋರಿನ್‌ಗೆ ಎದುರಾಳಿಯೇ ಇಲ್ಲ.

ಒಂದು ಎಚ್ಚರಿಕೆ. ಹಳೆಯ ಪಠ್ಯಗಳಲ್ಲಿ ಹೈಡ್ರೋಜನ್ 2.1, ಫ್ಲೋರಿನ್ 4.0, ಕ್ಲೋರಿನ್ ಮತ್ತು ನೈಟ್ರೋಜನ್ ಎರಡೂ 3.0 ಎಂದಿರುತ್ತದೆ. ಒಂದು ಅಂಕಿಯನ್ನು ಹಳೆಯ ಪಟ್ಟಿಯಿಂದ, ಇನ್ನೊಂದನ್ನು ಹೊಸದರಿಂದ ಎತ್ತಿಕೊಂಡರೆ ಲೆಕ್ಕ ಕೆಡುತ್ತದೆ. ಯಾವುದಾದರೂ ಒಂದೇ ಪಟ್ಟಿ ಹಿಡಿಯಿರಿ.

ಲೆಕ್ಕ ಹಾಕುವ ಕ್ರಮ

ಮೊದಲು ಬಂಧದಲ್ಲಿರುವ ಎರಡು ಪರಮಾಣುಗಳು ಯಾವುವು ಎಂದು ಸರಿಯಾಗಿ ನೋಡಿ. ಗೊಂದಲ ಶುರುವಾಗುವುದೇ ಇಲ್ಲಿ. ಸಕ್ಕರೆಯಂಥ ದೊಡ್ಡ ಅಣುವಿಗೆ ಒಂದೇ ಧ್ರುವೀಯತೆ ಬರೆಯಲು ಆಗದು, ಅದರಲ್ಲಿರುವ ಕಾರ್ಬನ್ ಹೈಡ್ರೋಜನ್, ಕಾರ್ಬನ್ ಆಕ್ಸಿಜನ್, ಆಕ್ಸಿಜನ್ ಹೈಡ್ರೋಜನ್ ಬಂಧಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಆಮೇಲೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಿರಿ. ಅಂತರ 0.4ಕ್ಕಿಂತ ಕಡಿಮೆ ಇದ್ದರೆ ಅಧ್ರುವೀಯ, 0.4ರಿಂದ 1.7ರವರೆಗೆ ಧ್ರುವೀಯ ಸಹವೇಲೆನ್ಸಿ, ಅದಕ್ಕೂ ಮೇಲಾದರೆ ಬಹುಮಟ್ಟಿಗೆ ಅಯಾನಿಕ ಎಂಬುದು ರೂಢಿ. ಕೆಲವು ಪುಸ್ತಕಗಳು 0.5 ಮತ್ತು 2.0 ಎನ್ನುತ್ತವೆ. ಕೊನೆಗೆ ದಿಕ್ಕು: ದೊಡ್ಡ ಅಂಕಿಯ ಪರಮಾಣುವಿಗೆ ಡೆಲ್ಟಾ ಮೈನಸ್ ಬರೆಯಿರಿ. ಬಾಣ ಬರೆಯುವುದಾದರೆ ಅದರ ತುದಿ ಋಣದ ಕಡೆಗೆ, ಧನದ ಕಡೆಯ ಬಾಲದ ಮೇಲೆ ಅಡ್ಡಗೆರೆ.

ನೀರಿನ ಆಕ್ಸಿಜನ್ ಹೈಡ್ರೋಜನ್ ಬಂಧ: 3.44ರಲ್ಲಿ 2.20 ಕಳೆದರೆ 1.24. ಗಟ್ಟಿಯಾಗಿ ಧ್ರುವೀಯ, ಋಣ ತುದಿ ಆಕ್ಸಿಜನ್. ಕಾರ್ಬನ್ ಹೈಡ್ರೋಜನ್: 0.35. ಅಧ್ರುವೀಯ ಎಂದೇ ಎಣಿಕೆ. ತಿಪಟೂರಿನ ಕೊಬ್ಬರಿಯಿಂದ ತೆಗೆದ ಎಣ್ಣೆಯ ಅಣುವಿನಲ್ಲಿ ಬಹುಪಾಲು ಇಂಥ ಬಂಧಗಳ ಉದ್ದ ಸರಪಳಿಯೇ ಇದೆ. ತಲೆಯ ಭಾಗದಲ್ಲಿ ಮಾತ್ರ 0.89 ಅಂತರದ ಕೆಲವು ಕಾರ್ಬನ್ ಆಕ್ಸಿಜನ್ ಬಂಧಗಳಿವೆ, ಅಷ್ಟು ಉದ್ದದ ಬಾಲವನ್ನು ನೀರಿಗೆ ಎಳೆಯಲು ಅವು ಸಾಲವು. ಎಣ್ಣೆ ನೀರಿನಲ್ಲಿ ಕರಗದಿರುವುದು ಇದರಿಂದ.

ದಿಕ್ಕಿನಲ್ಲಿ ಆಗುವ ತಪ್ಪು ಇನ್ನೊಂದಿದೆ. ಹೈಡ್ರೋಜನ್ ಯಾವಾಗಲೂ ಡೆಲ್ಟಾ ಪ್ಲಸ್ ಎಂದು ಬಾಯಿಪಾಠ ಮಾಡಿದವರು ಸಿಲಿಕಾನ್ ಹೈಡ್ರೋಜನ್ ಬಂಧ ಬಂದಾಗ ಎಡವುತ್ತಾರೆ. ಸಿಲಿಕಾನ್ 1.90, ಹೈಡ್ರೋಜನ್ 2.20. ಅಲ್ಲಿ ಋಣ ತುದಿ ಹೈಡ್ರೋಜನ್‌ದೇ.

1.7ರ ಗೆರೆ ಕೈಕೊಡುವ ಕಡೆ

ಅಂತರದಿಂದ ಬಂಧ ಶೇಕಡಾ ಎಷ್ಟು ಅಯಾನಿಕ ಎಂದು ಅಂದಾಜಿಸಲು ಪೌಲಿಂಗ್ ಒಂದು ಸೂತ್ರವನ್ನೂ ಕೊಟ್ಟಿದ್ದಾರೆ. ಅದರ ಪ್ರಕಾರ 1.7 ಅಂತರಕ್ಕೆ ಸುಮಾರು 51 ಪ್ರತಿಶತ. ಅರ್ಧ ದಾಟುವ ಜಾಗ ಎಂಬ ಕಾರಣಕ್ಕೆ ಗೆರೆ ಅಲ್ಲಿ ಬಿತ್ತು. ಅಡುಗೆ ಉಪ್ಪಿನ ಸೋಡಿಯಂ ಕ್ಲೋರಿನ್ ಅಂತರ 2.23, ಸೂತ್ರದ ಉತ್ತರ ಸುಮಾರು 71 ಪ್ರತಿಶತ. ಫ್ಲೋರೈಡ್ ಖನಿಜವಾದ ಕ್ಯಾಲ್ಸಿಯಂ ಫ್ಲೋರೈಡಿನಲ್ಲಿ ಅಂತರ 2.98, ಉತ್ತರ ಸುಮಾರು 89.

ಈಗ ಹೈಡ್ರೋಜನ್ ಫ್ಲೋರೈಡ್ ತೆಗೆದುಕೊಳ್ಳಿ. ಅಂತರ 1.78, ಗೆರೆ ದಾಟಿದೆ, ಆದರೂ ಅದು ಬಿಡಿಬಿಡಿ ಅಣುಗಳಿರುವ ಸಹವೇಲೆನ್ಸಿ ವಸ್ತು. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿದು ಅನಿಲವಾಗುತ್ತದೆ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಅಂತರ ಇನ್ನೂ ಹೆಚ್ಚು, 1.94. ಅದೂ ಅನಿಲವೇ. ತಿರುಗಿಸಿ ನೋಡಿದರೆ ಲಿಥಿಯಂ ಹೈಡ್ರೈಡಿನ ಅಂತರ ಬರೀ 1.22, ಅದು ಮಾತ್ರ ಸುಮಾರು 690 ಡಿಗ್ರಿಗೆ ಕರಗುವ ಅಯಾನಿಕ ಹರಳು.

ಹಾಗಾಗಿ ಗೆರೆಯ ಅಕ್ಕಪಕ್ಕ ಬಂದಾಗ ಕಳೆಯುವ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಎರಡರಲ್ಲಿ ಒಂದು ಲೋಹವೇ? ಲಿಥಿಯಂ, ಸೋಡಿಯಂ, ಕ್ಯಾಲ್ಸಿಯಂನಂಥ ಲೋಹ ಇದ್ದರೆ ಅಯಾನಿಕ ಕಡೆಗೆ ವಾಲಿಸಿ. ಎರಡೂ ಅಲೋಹಗಳಾದರೆ ಅಂತರ 1.7 ದಾಟಿದ್ದರೂ ಧ್ರುವೀಯ ಸಹವೇಲೆನ್ಸಿ ಎನ್ನಿ. ಕಳೆಯುವ ಲೆಕ್ಕಕ್ಕಿಂತ ಈ ಪ್ರಶ್ನೆಯನ್ನೇ ಮೊದಲು ಕೇಳುವುದು ಒಳ್ಳೆಯ ಅಭ್ಯಾಸ.

ಬಂಧ ಧ್ರುವೀಯ, ಅಣು ಅಲ್ಲ

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಬಂಧಗಳು ಧ್ರುವೀಯವಾಗಿದ್ದ ಮಾತ್ರಕ್ಕೆ ಇಡೀ ಅಣು ಧ್ರುವೀಯ ಆಗಬೇಕಿಲ್ಲ. ಎಳೆತಕ್ಕೆ ದಿಕ್ಕಿದೆ, ಎದುರುಬದುರು ಎಳೆತಗಳು ಒಂದನ್ನೊಂದು ಅಳಿಸಿಹಾಕಬಹುದು.

ಇದನ್ನು ಅಳೆಯುವ ಪರಿಮಾಣ ಡೈಪೋಲ್ ಮೊಮೆಂಟ್, ಅಂದರೆ ತುದಿಗಳಲ್ಲಿರುವ ವಿದ್ಯುದಂಶ ಮತ್ತು ತುದಿಗಳ ನಡುವಿನ ದೂರದ ಗುಣಲಬ್ಧ. ಇದರ ಮಾನಕ್ಕೆ 1936ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದ ಪೀಟರ್ ಡಿಬೈ ಅವರ ಹೆಸರನ್ನೇ ಇಟ್ಟಿದ್ದಾರೆ. ಕಾರ್ಬನ್ ಡೈಆಕ್ಸೈಡಿನ ಎರಡೂ ಬಂಧಗಳಲ್ಲಿ ಅಂತರ 0.89. ಆದರೆ ಮೂರು ಪರಮಾಣುಗಳೂ ಒಂದೇ ಸಾಲಿನಲ್ಲಿರುವುದರಿಂದ ಅಣುವಿನ ಒಟ್ಟು ಡೈಪೋಲ್ ಮೊಮೆಂಟ್ ಸೊನ್ನೆ. ನೀರಿನ ಅಣು 104.5 ಡಿಗ್ರಿಗೆ ಬಾಗಿದೆ. ಒಂದೊಂದು ಬಂಧದ ಪಾಲು ಸುಮಾರು 1.5 ಡಿಬೈ, ಎರಡನ್ನೂ ಆ ಕೋನದಲ್ಲಿ ಕೂಡಿದರೆ 1.85 ಬರುತ್ತದೆ. ನೀರಿನ ಅಣು ನೆಟ್ಟಗಿದ್ದಿದ್ದರೆ ಅದರಲ್ಲಿ ಉಪ್ಪು ಹೀಗೆ ಕರಗುತ್ತಿರಲಿಲ್ಲ.

ಅಡುಗೆಮನೆಯ ನಾನ್‌ಸ್ಟಿಕ್ ತವಾ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಲೇಪನದಲ್ಲಿರುವ ಕಾರ್ಬನ್ ಫ್ಲೋರಿನ್ ಬಂಧದ ಅಂತರ 1.43, ನೀರಿನ ಬಂಧಕ್ಕಿಂತಲೂ ಹೆಚ್ಚು. ಆದರೆ ಉದ್ದ ಕಾರ್ಬನ್ ಸರಪಳಿಯ ಸುತ್ತಲೂ ಫ್ಲೋರಿನ್ ಒಂದೇ ಸಮನೆ ಹೊದಿಕೆಯಂತೆ ಕೂತಿರುವುದರಿಂದ ಎಳೆತಗಳು ಅಳಿದುಹೋಗುತ್ತವೆ. ನೀರೂ ಅಂಟದು, ಎಣ್ಣೆಯೂ ಅಂಟದು, ದೋಸೆ ಸಲೀಸಾಗಿ ಏಳುತ್ತದೆ.

ಅಮೋನಿಯಾ ಮತ್ತು ನೈಟ್ರೋಜನ್ ಟ್ರೈಫ್ಲೋರೈಡ್ ಹೋಲಿಕೆ ಪಿಯುಸಿಯಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆ. ಎರಡರ ಆಕಾರವೂ ಗೋಪುರದಂತೆ, ಬಂಧಗಳ ಅಂತರ 0.84 ಮತ್ತು 0.94. ಹಾಗಾದರೆ ಎರಡನೆಯದರ ಡೈಪೋಲ್ ಹೆಚ್ಚಿರಬೇಕು. ಅಳತೆ ಹೇಳುವುದು ಬೇರೆ: ಅಮೋನಿಯಾ 1.47, ನೈಟ್ರೋಜನ್ ಟ್ರೈಫ್ಲೋರೈಡ್ ಸುಮಾರು 0.23. ನೈಟ್ರೋಜನ್ ಮೇಲೆ ಬಂಧದಲ್ಲಿ ಸೇರದ ಒಂಟಿ ಜೋಡಿ ಎಲೆಕ್ಟ್ರಾನುಗಳಿವೆ. ಅಮೋನಿಯಾದಲ್ಲಿ ಬಂಧಗಳ ಎಳೆತವೂ ಆ ಜೋಡಿಯ ಎಳೆತವೂ ಒಂದೇ ದಿಕ್ಕಿಗೆ. ಇನ್ನೊಂದರಲ್ಲಿ ಫ್ಲೋರಿನ್‌ಗಳು ಕೆಳಕ್ಕೆ ಎಳೆದರೆ ಜೋಡಿ ಮೇಲಕ್ಕೆ ಎಳೆಯುತ್ತದೆ.

ಕಾರ್ಬನ್ ಮಾನಾಕ್ಸೈಡ್ ಇನ್ನೂ ತುಂಟ. ಅಂತರ 0.89 ಇದ್ದರೂ ಡೈಪೋಲ್ ಬರೀ 0.11 ಡಿಬೈ, ಅದೂ ಋಣ ತುದಿ ಕಾರ್ಬನ್ ಕಡೆಗೆ. ಮೂರನೇ ಬಂಧಕ್ಕೆ ಆಕ್ಸಿಜನ್ ತನ್ನ ಜೋಡಿಯನ್ನೇ ಕೊಟ್ಟಿರುವುದು ಇದರ ಹಿಂದಿನ ಕಾರಣ. ಇಂಥ ಕಡೆ ಕಳೆಯುವ ಲೆಕ್ಕಕ್ಕಿಂತ ಅಳತೆಯ ಮಾತೇ ಕೊನೆ.

ಅಳತೆಯಿಂದ ಶೇಕಡಾ ತೆಗೆಯುವುದೂ ಕಷ್ಟವಲ್ಲ. ಬಂಧದ ಉದ್ದವನ್ನು ಆಂಗ್‌ಸ್ಟ್ರಮ್‌ನಲ್ಲಿ ತೆಗೆದುಕೊಂಡು 4.80ರಿಂದ ಗುಣಿಸಿ. ಎಲೆಕ್ಟ್ರಾನು ಪೂರ್ತಿ ವರ್ಗಾವಣೆ ಆಗಿದ್ದರೆ ಅಷ್ಟು ಡಿಬೈ ಇರಬೇಕಿತ್ತು. ಹೈಡ್ರೋಜನ್ ಕ್ಲೋರೈಡಿನಲ್ಲಿ ಉದ್ದ 1.275, ಗುಣಿಸಿದರೆ 6.12. ಅಳತೆ 1.08, ಅಂದರೆ ಸುಮಾರು 18 ಪ್ರತಿಶತ. ಹೈಡ್ರೋಜನ್ ಫ್ಲೋರೈಡಿಗೆ ಇದೇ ಲೆಕ್ಕದಲ್ಲಿ ಸುಮಾರು 41 ಬರುತ್ತದೆ, ಪೌಲಿಂಗ್ ಸೂತ್ರ 55 ಎಂದಿತ್ತು. ಸೂತ್ರದ ಉತ್ತರವನ್ನು ಅಂದಾಜು ಎಂದೇ ಓದಿ.

ತಲೆ ಬಾಚಿದ ಬಾಚಣಿಗೆ ಹಿಡಿದರೆ ನಲ್ಲಿಯ ಸಣ್ಣ ಧಾರೆ ಬಾಗುತ್ತದಲ್ಲ, ನೀರು ಧ್ರುವೀಯ ಎನ್ನಲು ಶಾಲೆಗಳಲ್ಲಿ ಅದನ್ನೇ ತೋರಿಸುತ್ತಾರೆ. ನೋಡಲು ಚೆನ್ನ, ಪುರಾವೆಯಾಗಿ ದುರ್ಬಲ. ಧಾರೆಯಲ್ಲಿ ಪ್ರೇರಿತವಾಗುವ ವಿದ್ಯುದಂಶದ ಪಾಲು ಆ ಬಾಗುವಿಕೆಯಲ್ಲಿ ದೊಡ್ಡದು.

ಕರಗಿದ ಮೇಲೆ ಏನಾಗುತ್ತದೆ

ಉಪ್ಪು ನೀರಿಗೆ ಬಿದ್ದಾಗ ನೀರಿನ ಆಕ್ಸಿಜನ್ ತುದಿಗಳು ಸೋಡಿಯಂ ಅಯಾನನ್ನೂ ಹೈಡ್ರೋಜನ್ ತುದಿಗಳು ಕ್ಲೋರೈಡ್ ಅಯಾನನ್ನೂ ಸುತ್ತುವರಿದು ಬಿಡಿಸಿಕೊಳ್ಳುತ್ತವೆ. ಬಿಡಿ ಅಯಾನುಗಳು ವಿದ್ಯುತ್ ಹರಿಸುತ್ತವೆ. ಮೀಟರ್ ಅಳೆಯುವುದು ಆ ವಿದ್ಯುದ್ವಾಹಕತೆಯನ್ನು ಮಾತ್ರ, ಅದನ್ನೇ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಸಕ್ಕರೆಯ ಒಂದು ಅಣುವಿನಲ್ಲಿ ಎಂಟು ಆಕ್ಸಿಜನ್ ಹೈಡ್ರೋಜನ್ ಗುಂಪುಗಳಿವೆ. ನೀರು ಅವನ್ನು ಹಿಡಿದುಕೊಳ್ಳುತ್ತದೆ, ಸಕ್ಕರೆ ಕರಗುತ್ತದೆ, ಆದರೆ ಅಣು ಇಡಿಯಾಗಿಯೇ ಉಳಿಯುತ್ತದೆ. ಅಯಾನು ಇಲ್ಲ, ಮೀಟರಿಗೆ ಸುದ್ದಿಯೂ ಇಲ್ಲ. ಹೈಡ್ರೋಜನ್ ಕ್ಲೋರೈಡ್ ಮಾತ್ರ ಎರಡರ ನಡುವಿನದು: ಅನಿಲವಾಗಿದ್ದಾಗ ಸಹವೇಲೆನ್ಸಿ, ನೀರಿಗೆ ಸೇರಿದ ಕೂಡಲೇ ಅಯಾನುಗಳಾಗಿ ಒಡೆದು ಆಮ್ಲವಾಗುತ್ತದೆ.

ಧ್ರುವೀಯತೆ ಹೆಚ್ಚಿದಷ್ಟೂ ಕರಗುವಿಕೆ ಹೆಚ್ಚು ಎಂದು ಭಾವಿಸಬೇಡಿ. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಉಪ್ಪು ಕರಗಿಸುತ್ತದೆ. ಅದಕ್ಕಿಂತ ಹೆಚ್ಚು ಅಯಾನಿಕವಾದ ಕ್ಯಾಲ್ಸಿಯಂ ಫ್ಲೋರೈಡ್ ಕರಗುವುದು ಲೀಟರಿಗೆ ಸುಮಾರು 16 ಮಿಲಿಗ್ರಾಂ. ಎರಡು ಧನ ವಿದ್ಯುದಂಶವಿರುವ ಕ್ಯಾಲ್ಸಿಯಂ, ಪುಟ್ಟ ಫ್ಲೋರೈಡ್ ಅಯಾನುಗಳನ್ನು ಹರಳಿನಲ್ಲಿ ಬಿಗಿಯಾಗಿ ಹಿಡಿದಿರುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಸಮಸ್ಯೆಯ ಒಂದು ಎಳೆ ಇಲ್ಲಿದೆ. ಗ್ರಾನೈಟ್, ನೈಸ್ ಬಂಡೆಗಳ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಮೇಲೇರದಂತೆ ತಡೆಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಿರುವ ನೀರಿನಲ್ಲಿ ತಡೆ ಸಡಿಲ. ಹಾಗಾಗಿ ಸೋಪು ಚೆನ್ನಾಗಿ ನೊರೆ ಬರುವ, ಬಾಯಿಗೆ ಹಿತವಾದ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದುಂಟು.

ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್, ಬೇರೆ ಮೂಲವೇ ಇಲ್ಲದಿದ್ದರೆ 1.5. ನೂರಾರು ಅಂಕಿ ತೋರಿಸುವ ಟಿಡಿಎಸ್ ಮೀಟರಿನಲ್ಲಿ ಒಂದೆರಡು ಮಿಲಿಗ್ರಾಂ ಬೇರೆಯಾಗಿ ಕಾಣುವುದು ಸಾಧ್ಯವೇ ಇಲ್ಲ. 900 ತೋರಿಸುವ ನೀರಿನಲ್ಲಿ ಫ್ಲೋರೈಡ್ ಮಿತಿಯೊಳಗೇ ಇರಬಹುದು, 300 ತೋರಿಸುವುದರಲ್ಲಿ ಮಿತಿ ಮೀರಿರಬಹುದು. ಕುದಿಸುವುದರಿಂದಲೂ ಪ್ರಯೋಜನವಿಲ್ಲ. ಅಯಾನುಗಳು ಆವಿಯಾಗುವುದಿಲ್ಲ, 5 ಲೀಟರ್ ಕುದಿದು 4 ಆದರೆ 2 ಮಿಲಿಗ್ರಾಂ ಇದ್ದದ್ದು 2.5 ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೆ. ನೀರಿನ ಅಣುಗಳನ್ನು ಹೊದ್ದುಕೊಂಡ ಅಯಾನುಗಳನ್ನು ತಡೆಯಲು ಆರ್‌ಒ ಪೊರೆ ಬೇಕು, ಇಲ್ಲವೇ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಅಲ್ಯೂಮಿನಾ ಬೇಕು. ಸ್ಫಟಿಕ (ಆಲಂ) ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವೂ ಇದೆ.

ಫ್ಲೋರೈಡ್ ಪರೀಕ್ಷೆಯ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಂ ಮತ್ತು ಕೆಂಪು ಬಣ್ಣದ ಸಂಯುಕ್ತ ಇರುತ್ತದೆ. ಫ್ಲೋರೈಡ್ ಅಯಾನುಗಳು ಜಿರ್ಕೋನಿಯಂನ್ನು ಬಣ್ಣದಿಂದ ಕಿತ್ತುಕೊಳ್ಳುತ್ತವೆ, ಬಣ್ಣ ಬದಲಾಗುತ್ತದೆ ಅಥವಾ ಮಾಸುತ್ತದೆ. ಎಷ್ಟು ಬದಲಾಯಿತು ಎಂಬುದನ್ನು ಕಿಟ್‌ನ ಬಣ್ಣದ ಪಟ್ಟಿಗೆ ಹೋಲಿಸಿ ಓದಬೇಕು. ಮಾದರಿ ನೀರನ್ನು ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ, ಅದೇ ನೀರಿನಲ್ಲಿ ಎರಡು ಮೂರು ಸಲ ಬಾಟಲಿ ತೊಳೆದ ಮೇಲೆ. ಸ್ಫಟಿಕ ಹಾಕಿ ತಿಳಿಗೊಳಿಸಿದ ನೀರಾದರೆ ಅದನ್ನು ಪರೀಕ್ಷೆ ಮಾಡುವವರಿಗೆ ಮೊದಲೇ ಹೇಳಿ. ಉಳಿದ ಅಲ್ಯೂಮಿನಿಯಂ ಫ್ಲೋರೈಡನ್ನು ತಾನೇ ಹಿಡಿದುಕೊಂಡಿರುತ್ತದೆ, ಕಿಟ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.